ಹೆಂಗಸಿನ ತಲೆಗೆ ಒಂದೇ ಹೊಲಿಗೆ

ನನ್ನ ತಮ್ಮ ಪಾರ್ಮೋನ್‌ನನ್ನು ಊರವರು ಹೊಗಳುವಾಗ ನನಗೆ ಮೈ ಉರಿಯುತ್ತದೆ. ಅವನು ಹೊಗಳಿಕೆಗೆ ಯೋಗ್ಯನಲ್ಲ ಅಂತಲ್ಲ. ಈ ಕೋಸ್ ದ್ವೀಪದಲ್ಲಿ ವೈದ್ಯರಿಗೇನು ಬರವೇ? ಕಲ್ಲು ಎಸೆದರೆ ಒಬ್ಬ ವೈದ್ಯನಿಗೆ ತಾಗುತ್ತದೆ. ಆದರೂ ಅವನಷ್ಟು ಮೃದುವಾಗಿ ಪಟ್ಟಿ ಕಟ್ಟುವವನು ಇನ್ನೊಬ್ಬನಿರಲಿಲ್ಲ, ಅದು ನಿಜ. ಹೊಗಳುವವರಿಗೆ ಅಷ್ಟೇ ಗೊತ್ತು. ಅವನ ಪಟ್ಟಿಗಳನ್ನು ಒಗೆದು ಒಣಹಾಕಿದವಳು ನಾನು. ಕೊನೆಯ ವರ್ಷಗಳಲ್ಲಿ ಅವನು ಊಟದ ತಟ್ಟೆ ಮುಂದೆ ಕೂತು ಸುಮ್ಮನೆ ಅಳುತ್ತಿದ್ದಾಗ ಎದುರಿಗೆ ಕೂತಿದ್ದವಳೂ ನಾನೇ. ಅವನ ಕಥೆ ಹೇಳುವ ಹಕ್ಕು ಬೇರೆ ಯಾರಿಗಿದೆ?

ನಮ್ಮಪ್ಪ ಎಣ್ಣೆ ಗಾಣದವನು. ಆಲಿವ್ ಹಿಂಡಿ ಹಿಂಡಿ ಅವನ ಉಗುರು ಸಾಯುವವರೆಗೂ ಕಪ್ಪಾಗಿಯೇ ಇತ್ತು. ಅಮ್ಮ ಗಟ್ಟಿಗಿತ್ತಿ. ಗಾಣದ ಆಳುಗಳು ಅಪ್ಪನಿಗೆ ಹೆದರುತ್ತಿರಲಿಲ್ಲ, ಅಮ್ಮನ ಕೆಮ್ಮು ಕೇಳಿದರೆ ಓಡುತ್ತಿದ್ದರು. ಇಂಥ ಮನೆಯಲ್ಲಿ ಹುಟ್ಟಿದ ಪಾರ್ಮೋನ್‌ಗೆ ಗಾಣದ ಕಡೆ ಲಕ್ಷ್ಯವೇ ಇರಲಿಲ್ಲ. ಬಲಿಯ ದಿನ ಬೇರೆ ಹುಡುಗರು ಸುಟ್ಟ ಮಾಂಸಕ್ಕೆ ಮುಗಿಬಿದ್ದರೆ ಇವನು ಕಟುಕನ ಹಿಂದೆ ನಿಂತು ತಲೆ ಬೇಡುತ್ತಿದ್ದ.

"ಅಕ್ಕಾ, ಆಡಿನ ಕಣ್ಣಿನ ಒಳಗಡೆ ಏನಿದೆ ಗೊತ್ತಾ? ಬಲೆ ಇದೆ ಕಣೇ, ಜೇಡರ ಬಲೆ ಥರ!"

"ನಿನ್ನ ತಲೆಯೊಳಗೂ ಅದೇ ಇರೋದು. ಹೋಗು, ಕೈ ತೊಳ್ಕೊಂಡು ಬಾ. ಆ ಕೈಯಲ್ಲಿ ರೊಟ್ಟಿ ಮುಟ್ಟಿದ್ಯೋ, ನೋಡು!"

ಮುಂದೆ ಒಬ್ಬ ವೃದ್ಧ ವೈದ್ಯರ ಹತ್ತಿರ ಶಿಷ್ಯನಾಗಿ ಸೇರಿಕೊಂಡ. ನಾನು ಗಂಡ ಸತ್ತು ತವರಿಗೆ ಬಂದೆ. ಅವನ ಹೆಂಡತಿ ಚೊಚ್ಚಲ ಹೆರಿಗೆಯಲ್ಲೇ ಕೂಸಿನ ಜೊತೆ ಹೋಗಿಬಿಟ್ಟಳು. ಹೀಗೆ ಕೊನೆಗೆ ಉಳಿದದ್ದು ನಾವಿಬ್ಬರೇ, ಜಗಳವಾಡಿಕೊಂಡು. ಅವನು ಹಂದಿ ಕೊಯ್ದ, ನಾಯಿ ಕೊಯ್ದ, ಒಮ್ಮೆ ಹಡಗಿನವರು ತಂದಿದ್ದ ಸತ್ತ ಕೋತಿಯನ್ನು ನನ್ನ ಹಿಟ್ಟು ನಾದುವ ಹಲಗೆಯ ಮೇಲೇ ಕೊಯ್ದ. ಆ ಹಲಗೆಯನ್ನು ನಾನು ಒಲೆಗೆ ಹಾಕಿದೆ.

ಮನುಷ್ಯರನ್ನು ಮಾತ್ರ ಕೊಯ್ಯುವ ಹಾಗಿರಲಿಲ್ಲ. ಸತ್ತವರನ್ನು ಮುಟ್ಟಿದರೇ ಮೈಲಿಗೆ. ಸಾವಾದ ಮನೆಯ ಬಾಗಿಲಲ್ಲಿ ನೀರಿನ ಗಡಿಗೆ ಇಟ್ಟಿರುತ್ತಾರೆ, ಹೊರಗೆ ಬರುವವರು ಚಿಮುಕಿಸಿಕೊಂಡೇ ಬರಬೇಕು. ಹಾಗಿರುವಾಗ ವೈದ್ಯರಿಗೆ ಮನುಷ್ಯರ ಒಳಗಿನದು ಹೇಗೆ ಗೊತ್ತಾಗಬೇಕು? ನಾಯಿ, ಹಂದಿ ನೋಡಿ ಅಂದಾಜು ಮಾಡುವುದು. ಗಂಡಸರ ತಲೆಬುರುಡೆ ಒಂದಿಷ್ಟು ಗೊತ್ತು, ಏಕೆಂದರೆ ಗಂಡಸರು ಯುದ್ಧಕ್ಕೆ ಹೋಗಿ ತಲೆ ಒಡೆಸಿಕೊಂಡು ಬರುತ್ತಾರೆ. ಕವಣೆ ಕಲ್ಲು ಬಿದ್ದ ತಲೆಗಳನ್ನು ಪಾರ್ಮೋನ್ ಎಷ್ಟೋ ಬಿಚ್ಚಿ ನೋಡಿದ್ದ. ಹೆಂಗಸರ ತಲೆ ಬಿಚ್ಚಿ ನೋಡಿದವರು ಯಾರು? ಅದು ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದ ಮಾತು. ಬುರುಡೆಯ ಮೂಳೆಗಳು ಒಂದಕ್ಕೊಂದು ಕೂಡುವ ಹಲ್ಲು ಹಲ್ಲಾದ ಗೆರೆಗೆ ವೈದ್ಯರು ಹೊಲಿಗೆ ಅನ್ನುತ್ತಾರೆ. ಗಂಡಸಿನ ಬುರುಡೆಗೆ ಮೂರು ಹೊಲಿಗೆ, ನೆತ್ತಿಯಲ್ಲಿ ಬಂದು ಸೇರುತ್ತವೆ. ಹೆಂಗಸಿನ ಬುರುಡೆಗೆ ಒಂದೇ ಹೊಲಿಗೆ, ಬಳೆಯ ಹಾಗೆ ಸುತ್ತಲೂ ಹೋಗುತ್ತದೆ. ಕೋಸ್‌ನಲ್ಲಷ್ಟೇ ಅಲ್ಲ, ಸಮುದ್ರದಾಚೆಯ ದೊಡ್ಡ ಪಂಡಿತರೂ ಹಾಗೇ ಹೇಳುತ್ತಿದ್ದರಂತೆ.

"ಯಾಕೋ ಹಾಗೆ?" ಎಂದು ಒಮ್ಮೆ ಕೇಳಿದೆ.

"ಗಂಡಸರ ಮಿದುಳು ದೊಡ್ಡದು, ಬಿಸಿ ಜಾಸ್ತಿ. ಆವಿ ಹೋಗೋಕೆ ಜಾಗ ಬೇಕಲ್ಲ ಅಕ್ಕ."

"ನಿನ್ನ ತಲೆಯಿಂದ ಆವಿ ಹೋಗಿದ್ದು ನಾನಂತೂ ನೋಡಿಲ್ಲಪ್ಪ."

ಅವನು ನಕ್ಕ. ಆಗ ನಗುವುದು ಸುಲಭವಿತ್ತು.

ನಮ್ಮ ಬೀದಿಯ ಕೊನೆಗೆ ಕುಂಬಾರ ಸಿಮೋಸ್‌ನ ಮನೆ. ದ್ರಾಕ್ಷಾರಸ ತುಂಬಿ ಹಡಗಿಗೆ ಏರಿಸುವ ದೊಡ್ಡ ಜಾಡಿಗಳನ್ನು ಅವನು ಮಾಡುತ್ತಿದ್ದ. ಜಾಡಿ ಸುಡುವ ಆವಿಗೆಗೆ ಬೆಂಕಿ ಹಾಕಿ ಕಾಯುವುದು ಅವನ ಹೆಂಡತಿ ನಾನ್ನಿಸ್‌ಳ ಕೆಲಸ. ಉರಿಯ ಬಣ್ಣ ನೋಡಿ ಸೌದೆ ಒಟ್ಟುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವರ ಒಬ್ಬಳೇ ಮಗಳು ಮಿರ್ತಾಲೆ, ಮದುವೆಗೆ ಬಂದ ಹುಡುಗಿ. ಬಾಯಿ ಅಂದರೆ ಬಾಯಿ! ನನಗೇ ಎದುರು ಮಾತಾಡಿ ನಗಿಸುತ್ತಿದ್ದಳು. ಸುಗ್ಗಿ ಹತ್ತಿರ ಬಂದು ಜಾಡಿಗೆ ಬೇಡಿಕೆ ಏರಿದ್ದ ಕಾಲ. ಜಾಡಿ ಒಣಗಿಸುವ ಅಟ್ಟಣೆ ಮುರಿದು, ಮೇಲಿದ್ದ ಜಾಡಿ ಮಿರ್ತಾಲೆಯ ನೆತ್ತಿಯ ಮೇಲೆ ಬಿತ್ತು.

ಹುಡುಗಿ ಒಂದು ಗಳಿಗೆ ಕಣ್ಣು ಕತ್ತಲೆಗಟ್ಟಿ ಕೂತಳು, ಆಮೇಲೆ ಎದ್ದಳು. ರಕ್ತವೇನೋ ಧಾರಾಳ ಹೋಯಿತು, ತಲೆಯ ಗಾಯ ಹಾಗೇ ಅಲ್ಲವೇ? ಆವಿಗೆ ಆಗಷ್ಟೇ ಕೆಂಪಗಾಗಿತ್ತು. ಆ ಹೊತ್ತಲ್ಲಿ ಬಿಟ್ಟು ಎದ್ದರೆ ಒಳಗಿದ್ದ ಜಾಡಿಗಳಷ್ಟೂ ಬಿರಿದು ಹಾಳಾಗುತ್ತಿದ್ದವು. ನಾನ್ನಿಸ್ ಎಣ್ಣೆಯಲ್ಲಿ ನೆನೆಸಿದ ಉಣ್ಣೆಯನ್ನು ಗಾಯಕ್ಕೆ ಒತ್ತಿ ಕಟ್ಟಿ, ಮಗಳನ್ನು ಪಕ್ಕದಲ್ಲೇ ಕೂರಿಸಿಕೊಂಡು ಉರಿ ಕಾದಳು. ಮಾರನೆಯ ಬೆಳಿಗ್ಗೆ ಮುಖಕ್ಕೆ ಮೆತ್ತಿದ ಬೂದಿಯನ್ನೂ ಒರೆಸಿಕೊಳ್ಳದೆ ನಮ್ಮ ಮನೆಗೆ ಓಡಿ ಬಂದಳು.

ಪಾರ್ಮೋನ್ ಹೋದ. ಪಟ್ಟಿ, ಉಣ್ಣೆ ಹಿಡಿದುಕೊಂಡು ನಾನೂ ಹೋದೆ. ಅವನ ಶಿಷ್ಯ ತೆಲೆಸ್ ಬಂದ. ಮೂವತ್ತು ದಾಟಿದ, ಗಡ್ಡ ಬಿಟ್ಟ ಗಂಡಸು, ಮಾತು ಕಡಿಮೆ. ಮಿರ್ತಾಲೆ ಹೊಸ್ತಿಲ ಮೇಲೆ ಕೂತು ಅಂಜೂರ ತಿನ್ನುತ್ತಿದ್ದಳು.

"ಏನಮ್ಮಾ, ತಲೆ ಸುತ್ತುತ್ತಾ? ವಾಂತಿ ಬರೋ ಹಾಗಿದೆಯಾ?" ಪಾರ್ಮೋನ್ ಕೇಳಿದ.

"ಹಸಿವಾಗ್ತಿದೆ ವೈದ್ಯರೇ. ಅದಕ್ಕೇನಾದ್ರೂ ಔಷಧಿ ಇದ್ರೆ ಕೊಡಿ."

ಎಲ್ಲರೂ ನಕ್ಕೆವು. ಅವನು ಗಾಯವನ್ನು ಇನ್ನಷ್ಟು ಸೀಳಿ ಮೂಳೆ ಕಾಣುವಂತೆ ಮಾಡಿದ. ಹುಡುಗಿ ಅತ್ತಳು, ನಾನು ಕೈ ಹಿಡಿದುಕೊಂಡೆ. ಮೂಳೆಯ ಮೇಲೆ ಕಪ್ಪು ಮಸಿ ಬಳಿದು, ಹುಳಿ ಬಂದ ದ್ರಾಕ್ಷಾರಸದಲ್ಲಿ ಬೇಯಿಸಿದ ಜವೆಗೋಧಿ ಹಿಟ್ಟು ಮೆತ್ತಿ ಕಟ್ಟಿದ. ಅವರ ಕ್ರಮವೇ ಅದು. ಮಾರನೆಯ ದಿನ ಬಿಚ್ಚಿ, ಮಸಿ ಬಳಿದ ಮೂಳೆಯನ್ನು ಉಳಿಯಿಂದ ಹೆರೆಯುತ್ತಾರೆ. ಮೂಳೆ ಗಟ್ಟಿಯಿದ್ದರೆ ಬೆಳ್ಳಗೆ ಬರುತ್ತದೆ. ಬಿರುಕಿದ್ದರೆ ಮಸಿ ಒಳಗಿಳಿದು ಕಪ್ಪು ಗೆರೆ ಉಳಿಯುತ್ತದೆ. ಬಿರುಕಿದ್ದರೆ ಬೈರಿಗೆ ಇಟ್ಟು ಮೂಳೆಗೆ ತೂತು ಕೊರೆದು, ಒಳಗೆ ನಿಂತ ಕೆಟ್ಟ ರಕ್ತಕ್ಕೆ ದಾರಿ ಮಾಡಬೇಕು. ಅದನ್ನೂ ಬೇಗ ಮಾಡಬೇಕು, ಬೇಸಿಗೆಯಲ್ಲಂತೂ ಇನ್ನೂ ಬೇಗ.

ಮಾರನೆಯ ದಿನ ಹೆರೆದ. ಕಪ್ಪು ಗೆರೆ ಉಳಿಯಿತು. ನೆತ್ತಿಯ ನಟ್ಟನಡುವೆ, ಮುಂದಿನಿಂದ ಹಿಂದಕ್ಕೆ.

ತೆಲೆಸ್ ಬಗ್ಗಿ ನೋಡಿದ. "ಗುರುಗಳೇ, ಗೆರೆ ಹಲ್ಲು ಹಲ್ಲಾಗಿದೆ. ಹೊಲಿಗೆ ಥರ ಕಾಣುತ್ತೆ."

"ಗಂಡಸಾಗಿದ್ರೆ ನಾನೂ ಹಾಗೇ ಅಂತಿದ್ದೆ," ಅಂದ ನನ್ನ ತಮ್ಮ. "ಹೆಣ್ಣು ಕಣಯ್ಯಾ ಇದು. ಇಲ್ಲಿ ಹೊಲಿಗೆ ಎಲ್ಲಿಂದ ಬರಬೇಕು?"

ತೆಲೆಸ್ ತಲೆಯಾಡಿಸಿದ. ಪಾಠ ಅವನಿಗೂ ಬಾಯಿಪಾಠವೇ.

ನನಗೇನು ಗೊತ್ತು ಹೊಲಿಗೆ, ಬಿರುಕು? ಆದರೆ ಹುಡುಗಿ ಬೆಳಿಗ್ಗೆ ರೊಟ್ಟಿ ಅದ್ದಿಕೊಂಡು ತಿಂದಿದ್ದಳು, ಅದು ಕಣ್ಣಿಗೆ ಕಾಣುತ್ತಿತ್ತು. "ಚೆನ್ನಾಗೇ ಇದ್ದಾಳಲ್ಲೋ, ಇನ್ನೆರಡು ದಿನ ನೋಡಬಾರದಾ?" ಅಂದೆ. "ಚೆನ್ನಾಗಿರುವಾಗಲೇ ಕೊರೀಬೇಕು ಅಕ್ಕ, ಜ್ವರ ಬಂದ ಮೇಲೆ ಕೊರೆದು ಏನು ಪ್ರಯೋಜನ?" ಅಂದ. ಅವನ ದನಿಯಲ್ಲಿ ಸಿಡುಕಿರಲಿಲ್ಲ, ನಿಜವಾದ ಕಾಳಜಿಯೇ ಇತ್ತು.

ಬೈರಿಗೆ ಬಿಸಿಯಾಗದ ಹಾಗೆ ತಣ್ಣೀರಲ್ಲಿ ಅದ್ದಿ ಅದ್ದಿ ಕೊರೆದ. ಮೂಳೆ ತೂತಾಯಿತು, ರಕ್ತ ಬಂತು. ಕಪ್ಪು ರಕ್ತ. ಒತ್ತಿದರೆ ನಿಲ್ಲಲಿಲ್ಲ, ಉಣ್ಣೆ ತುರುಕಿದರೆ ನಿಲ್ಲಲಿಲ್ಲ. ನಾನು ತಂದಿದ್ದ ಪಟ್ಟಿಯೆಲ್ಲ ಮುಗಿದು ನನ್ನ ಸೆರಗನ್ನೂ ಕೊಟ್ಟೆ. ಮಿರ್ತಾಲೆ ಮೊದಲು ಅಮ್ಮನನ್ನು ಕರೆಯುತ್ತಿದ್ದಳು, ಆಮೇಲೆ ಚಳಿ ಚಳಿ ಅಂದಳು, ಆಮೇಲೆ ಏನೂ ಅನ್ನಲಿಲ್ಲ. ಬಿಸಿಲು ಇಳಿಯುವ ಮುಂಚೆಯೇ ಆ ಮನೆ ಬಾಗಿಲಿಗೆ ನೀರಿನ ಗಡಿಗೆ ಬಂತು.

ಪಾರ್ಮೋನ್ ಗೋಡೆಗೆ ಒರಗಿ ನಿಂತಿದ್ದ, ಮೊಣಕೈವರೆಗೂ ರಕ್ತ. ಕುಂಬಾರ ಸಿಮೋಸ್ ಬಂದು ಅವನ ಕೈ ಹಿಡಿದುಕೊಂಡ. "ನಿಮ್ಮ ಕೈಲಾದ್ದು ಮಾಡಿದ್ರಿ," ಅಂದ. ಆಗ ನನ್ನ ತಮ್ಮ ಆ ಮಾತು ಹೇಳಿದ. ಮೋಸದಿಂದ ಹೇಳಲಿಲ್ಲ, ನಂಬಿಯೇ ಹೇಳಿದ.

"ಒಳಗೆ ಅಷ್ಟು ರಕ್ತ ತುಂಬಿತ್ತು ಸಿಮೋಸ್. ಬಿದ್ದ ದಿನವೇ ಕರೆದಿದ್ರೆ ಉಳಿಸ್ತಿದ್ದೆ. ಒಂದು ದಿನ ತಡ ಆಯ್ತು."

ನಾನ್ನಿಸ್ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳು ಕತ್ತೆತ್ತಿ ಅವನನ್ನು ನೋಡಿದಳು, ಆಮೇಲೆ ಅಂಗಳದಲ್ಲಿ ಆರಿದ ಆವಿಗೆಯನ್ನು ನೋಡಿದಳು.

ಅಂದಿನಿಂದ ಅವಳು ಆವಿಗೆಗೆ ಬೆಂಕಿ ಹಾಕಲಿಲ್ಲ. ಸಿಮೋಸ್ ಕೂಲಿಯವನನ್ನು ಇಟ್ಟುಕೊಂಡ, ಅವನ ಕೈಯಲ್ಲಿ ಅರ್ಧಕ್ಕರ್ಧ ಜಾಡಿ ಬಿರಿಯುತ್ತಿದ್ದವು. ಬೀದಿಯಲ್ಲಿ ಯಾವ ಮಗು ಮುಗ್ಗರಿಸಿ ಬಿದ್ದರೂ ನಾನ್ನಿಸ್ ಎಲ್ಲಿಂದಲೋ ಪ್ರತ್ಯಕ್ಷ. "ಹೋಗೇ, ವೈದ್ಯರ ಹತ್ರ ಹೋಗು! ಒಲೆ ಮೇಲೆ ಏನಿದ್ರೂ ಸುಟ್ಟು ಹೋಗ್ಲಿ. ನಾನು ಜಾಡಿ ನೋಡ್ಕೊಂಡು ಕೂತೆ, ಮಗಳನ್ನ ಮಣ್ಣಿಗೆ ಕೊಟ್ಟೆ," ಎಂದು ತಾಯಂದಿರ ರಟ್ಟೆ ಹಿಡಿದು ಎಳೆದು ತರುತ್ತಿದ್ದಳು. ಮೊದಮೊದಲು ಜನ ಕಣ್ಣೀರು ಹಾಕುತ್ತಿದ್ದರು. ಬರಬರುತ್ತಾ ಅವಳು ಬರುವುದು ಕಂಡರೆ ಮಕ್ಕಳನ್ನು ಒಳಗೆ ಕರೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಪಾರ್ಮೋನ್ ಕೂಡ ಶಿಷ್ಯರಿಗೆ ಅದನ್ನೇ ಹೇಳಿಕೊಟ್ಟ. ಕಂಬಸಾಲಿನ ನೆರಳಲ್ಲಿ ಕೂತು, "ಕುಂಬಾರನ ಮಗಳನ್ನ ನೆನಪಿಟ್ಕೊಳ್ಳಿ, ತಲೆಗೆ ಪೆಟ್ಟು ಬಿದ್ರೆ ತಡ ಮಾಡ್ಬೇಡಿ," ಎಂದು ಹೇಳುತ್ತಿದ್ದ. ಹೇಳುವಾಗ ಅವನ ಕಣ್ಣು ತುಂಬುತ್ತಿತ್ತು. ಜನ ಅದಕ್ಕೂ ಹೊಗಳಿದರು, ಎಂಥ ಕರುಳಿನ ಮನುಷ್ಯ ಅಂತ.

ವರ್ಷಗಳು ಕಳೆದವು. ತೆಲೆಸ್ ಈಜಿಪ್ಟಿನ ಅಲೆಕ್ಸಾಂಡ್ರಿಯಕ್ಕೆ ಹೋಗಿದ್ದವನು ಊರಿಗೆ ಬಂದ. ಅಲ್ಲಿ ಅರಸನ ಅಪ್ಪಣೆಯಿಂದ ಸತ್ತವರನ್ನು ಕೊಯ್ದು ನೋಡುತ್ತಾರೆ ಅಂತ ಸುದ್ದಿ ಹಬ್ಬಿತ್ತು. ಕೋಸ್‌ನವರು ಕಿವಿ ಮುಚ್ಚಿಕೊಂಡೇ ಪೂರ್ತಿ ಕೇಳುತ್ತಿದ್ದರು. ನಾನು ಬೇಳೆ ಬೇಯಿಸಿ, ಉಪ್ಪುಮೀನು ಸುಟ್ಟು, ಅವನನ್ನು ಊಟಕ್ಕೆ ಕರೆದೆ. ದ್ರಾಕ್ಷಾರಸ ಎರಡು ಸುತ್ತು ಆದ ಮೇಲೆ ತೆಲೆಸ್ ಬಟ್ಟಲನ್ನು ಕೆಳಗಿಟ್ಟ.

"ಗುರುಗಳೇ, ಒಂದು ಮಾತು. ಅಲ್ಲಿ ಹೆಂಗಸರ ಬುರುಡೆ ನೋಡಿದೆ. ಅವರಿಗೂ ಮೂರೇ ಹೊಲಿಗೆ."

ಪಾರ್ಮೋನ್ ಜೋರಾಗಿ ನಕ್ಕ. "ಈಜಿಪ್ಟಿನ ಹೆಂಗಸರು ಕಣಯ್ಯಾ! ಆ ಬಿಸಿಲಿಗೆ ಬುರುಡೆ ಬಿರಿದಿರುತ್ತೆ. ನಮ್ಮ ಹೆಂಗಸರಿಗೂ ಅವರಿಗೂ ಏನು ಸಂಬಂಧ?"

"ಅಲ್ಲಿ ನಮ್ಮೋರೂ ಇದ್ದಾರಲ್ಲ. ಅವರದ್ದೂ ಹಾಗೇ ಇತ್ತು."

"ಹೆಣ ಕೊಯ್ಯೋರ ಜೊತೆ ಸೇರಿ ನಿನ್ನ ಬುದ್ಧಿಗೂ ಮೈಲಿಗೆ ಆಗಿದೆ," ಎಂದು ತಮ್ಮ ಎದ್ದು ಹೋದ. ಎಂದೂ ಅತಿಥಿಯನ್ನು ಬಿಟ್ಟು ಎದ್ದವನಲ್ಲ. ತೆಲೆಸ್ ನನ್ನ ಮುಖ ನೋಡಿದ. ಕುಂಬಾರನ ಮಗಳ ಹೆಸರನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಚಳಿಗಾಲವೇ ಭೂಮಿ ನಡುಗಿತು. ನಮಗದು ಹೊಸದಲ್ಲ. ಈ ಸಲ ಊರಾಚೆಯ ಗೋರಿಗಳ ದಿಬ್ಬ ಕುಸಿಯಿತು. ಅಮ್ಮನ ಗೋರಿಯ ಹೆಂಚುಗಳು ಒಡೆದು ಬಾಯಿ ಬಿಟ್ಟಿದ್ದವು, ಪಕ್ಕದಲ್ಲಿ ಚಿಕ್ಕಮ್ಮನದೂ ಅದೇ ಗತಿ. ಎಲುಬುಗಳನ್ನು ಕೂಡಿಸಿ ಮತ್ತೆ ಮಣ್ಣು ಮಾಡುವುದು ಮಗನ ಕರ್ತವ್ಯ. ಹಾಲು, ಜೇನು, ಎಣ್ಣೆ ಹಿಡಿದುಕೊಂಡು ಇಬ್ಬರೂ ಹೋದೆವು.

ಅವನು ಅಮ್ಮನ ಬುರುಡೆಯನ್ನು ಎರಡು ಕೈಯಲ್ಲೂ ಎತ್ತಿದ, ಮಣ್ಣು ಒರೆಸಿದ. ನಾನು ಮುಖ ತಿರುಗಿಸಿದ್ದೆ. ತಿರುಗಿ ನೋಡಿದರೆ ಅವನ ಹೆಬ್ಬೆರಳು ನೆತ್ತಿಯ ನಡುವೆ ಒಂದು ಗೆರೆಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಹಲ್ಲು ಹಲ್ಲಾದ ಗೆರೆ. ಮುಂದಿನಿಂದ ಹಿಂದಕ್ಕೆ.

ಭಯಕ್ಕೆ ಬಾಯಿಗೆ ಬಂದದ್ದು ಅಂದೆ. "ಅಮ್ಮಂದು ಬಿಡೋ. ಅಪ್ಪನ್ನೇ ಆಳಿದವಳು, ಗಂಡಸಿನ ತಲೆಯೇ ಇದ್ದಿರಬೇಕು."

ಅವನು ಅಮ್ಮನನ್ನು ಮೆಲ್ಲಗೆ ಕೆಳಗಿಟ್ಟು ಚಿಕ್ಕಮ್ಮನನ್ನು ಎತ್ತಿಕೊಂಡ. ಚಿಕ್ಕಮ್ಮ ಇರುವೆಗೂ ಗದರಿದವಳಲ್ಲ. ಅವಳಿಗೂ ಅದೇ ಗೆರೆ.

"ಅಕ್ಕ," ಅಂದ. "ಅದು ಬಿರುಕಲ್ಲ, ಹೊಲಿಗೆ. ಆ ಹುಡುಗಿಗೆ ಏನೂ ಆಗಿರ್ಲಿಲ್ಲ. ಚರ್ಮ ಹರಿದಿತ್ತು, ಅಷ್ಟೇ. ಹೊಲಿಗೆ ಕೆಳಗಿದ್ದ ರಕ್ತನಾಳ ಹರಿದು ನಾನೇ ಕೊಂದೆ."

ಆ ದಿನದಿಂದ ಅವನು ಬೈರಿಗೆ ಮುಟ್ಟಲಿಲ್ಲ. ಮೊದಲು ತೆಲೆಸ್‌ನ ಹತ್ತಿರ ಹೋಗಿ ಕ್ಷಮೆ ಕೇಳಿದ. ಶಿಷ್ಯರನ್ನೆಲ್ಲ ಕೂರಿಸಿ ಹೇಳಿದ. ಕೆಲವರು ನಂಬಿದರು. ಕೆಲವರು ಅವನ ಬೆನ್ನ ಹಿಂದೆ, ಮುದುಕನಿಗೆ ಅರಳುಮರಳು, ಅಮ್ಮನ ಗೋರಿ ಕೆದಕಿದ್ದಕ್ಕೆ ಹಿಡಿದ ದೋಷ ಅಂದರು. ಅದರಿಂದ ಅವನು ಅಷ್ಟು ನೊಂದುಕೊಳ್ಳಲಿಲ್ಲ. ಅವನನ್ನು ತಿನ್ನುತ್ತಿದ್ದದ್ದು ನಾನ್ನಿಸ್. ತಡ ಆಯಿತು ಎಂದು ಅವನು ಅಂದಿದ್ದ ಆ ಮಾತನ್ನು ಅವಳು ಇಷ್ಟು ವರ್ಷ ಹೊತ್ತುಕೊಂಡು ಬೀದಿ ಬೀದಿ ಅಲೆಯುತ್ತಿದ್ದಳಲ್ಲ.

"ಅವಳಿಗೆ ಹೇಳ್ಬೇಕು ಅಕ್ಕ. ತಪ್ಪು ನಂದು, ಹೊರೆ ಅವಳದ್ದು. ಇಳಿಸ್ಬೇಕು."

"ಹೇಳಿ ಏನು ಮಾಡ್ತೀಯ? ಹುಡುಗಿ ಎದ್ದು ಬರ್ತಾಳಾ? ವಾಸಿಯಾದ ಗಾಯ ಕೆದಕಬೇಡ."

"ವಾಸಿ ಎಲ್ಲಾಗಿದೆ? ದಿನಾ ನಮ್ಮ ಬಾಗಿಲ ಮುಂದೆ ನಿಂತು ತನ್ನನ್ನ ತಾನೇ ಬೈಕೊಳ್ತಾಳಲ್ಲ, ನಿಂಗೆ ಕೇಳ್ಸಲ್ವಾ?"

ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ನಾನೂ ಜೊತೆಗೆ ಹೊರಟೆ. ಸಿಮೋಸ್ ಬಂದರಿಗೆ ಹೋಗಿದ್ದ. ನಾನ್ನಿಸ್ ಅಂಗಳದಲ್ಲಿ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು. ನಮ್ಮನ್ನು ಕಂಡು ಗಾಬರಿಯಾಗಿ ಎದ್ದಳು. "ಯಾರ ಮಗುಗೆ ಏನಾಯ್ತು ವೈದ್ಯರೇ?"

"ಯಾರಿಗೂ ಏನೂ ಆಗಿಲ್ಲ ತಾಯಿ. ಕೂತ್ಕೋ."

ಅವನು ಅವಳ ಎದುರು ನೆಲದ ಮೇಲೆಯೇ ಕೂತ. ಎಲ್ಲವನ್ನೂ ಹೇಳಿದ. ಹೊಲಿಗೆಯ ವಿಷಯ, ಅಮ್ಮನ ಗೋರಿಯ ವಿಷಯ, ಯಾವುದನ್ನೂ ಮುಚ್ಚಿಡಲಿಲ್ಲ. ಅವಳ ಕೈ ಬೇಳೆಯ ಮೊರದಲ್ಲೇ ಇತ್ತು. ಮೊದಲಿಗೆ ಅರ್ಥವಾಗಲಿಲ್ಲ ಅಂತ ಕಾಣುತ್ತದೆ.

"ಹಾಗಾದ್ರೆ ನಾನು ಆವಿಗೆ ಮುಂದೆ ಕೂತಿದ್ದು..."

"ಅದ್ರಿಂದ ಏನೂ ಆಗ್ಲಿಲ್ಲ ತಾಯಿ. ನೀನು ತಡ ಮಾಡ್ಲೇ ಇಲ್ಲ. ನಿಂದು ಒಂದು ಎಳ್ಳಷ್ಟೂ ತಪ್ಪಿಲ್ಲ. ನಾನು ಹೇಳಿದ್ದು ಸುಳ್ಳು. ತಿಳೀದೆ ಹೇಳಿದ್ದು, ಆದ್ರೂ ಸುಳ್ಳೇ."

ಬೆಳೆ ಕಾಯುವ ದೇವಿ ದೆಮೀತರ್ ತಾಯಾಣೆ ಹೇಳುತ್ತೇನೆ, ಆ ಮುಖ ಒಂದು ಗಳಿಗೆ ಹಗುರಾದದ್ದನ್ನು ನಾನು ನೋಡಿದೆ. ಮದುವೆಯಾಗಿ ಈ ಬೀದಿಗೆ ಬಂದಾಗ ಹೇಗಿದ್ದಳೋ ಹಾಗೆ ಕಂಡಳು. ಅವಳು ಅವನಿಗೆ ಹೊಡೆಯಲಿಲ್ಲ, ಶಪಿಸಲಿಲ್ಲ. ನನ್ನ ತಮ್ಮ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಸದ್ಯ, ಮುಗಿಯಿತು ಅಂದುಕೊಂಡೆ.

"ಮತ್ತೆ, ಮಾರನೇ ದಿನಾನೂ ನಾನು ಎದ್ದು ಬರದೇ ಇದ್ದಿದ್ರೆ?" ಅಂದಳು ನಾನ್ನಿಸ್.

ಪಾರ್ಮೋನ್ ತಲೆ ಎತ್ತಿದ. "ಗಾಯ ತಾನಾಗೇ ಒಣಗ್ತಿತ್ತು."

"ನಿಮ್ಮನ್ನ ಕರೀದೇ ಇದ್ದಿದ್ರೆ ಬದುಕ್ತಿದ್ಲು."

ನಾನೇ ಬಾಯಿ ಹಾಕಿ, "ಅದು ಹಾಗಲ್ಲ ಕಣೇ," ಅಂದೆ.

"ಅವಳು ಬೇಡ ಅಂದಿದ್ಲು," ಅಂದಳು ನಾನ್ನಿಸ್. "ನೋವಿಲ್ಲಮ್ಮಾ, ವೈದ್ಯರನ್ನ ಕರೀಬೇಡ, ಭಯ ಆಗುತ್ತೆ ಅಂತ ನನ್ನ ಸೆರಗು ಹಿಡ್ಕೊಂಡ್ಲು. ನಾನೇ ಗದರಿ ಬಿಡಿಸ್ಕೊಂಡು ಓಡಿ ಬಂದೆ."

ನಾವು ಎದ್ದು ಬಂದೆವು. ಬೀದಿಯ ನಡುವೆ ಬರುವಷ್ಟರಲ್ಲಿ ಹಿಂದೆ ಅಳು ಕೇಳಿಸಿತು. ಮಗಳು ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಪಾರ್ಮೋನ್ ನಿಂತುಬಿಟ್ಟ. ನಾನು ಅವನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದೆ.